ಭೂತಾನಕ್ಕೆ ನನ್ನ ‘ಬೇಡ’

ಬೆಟ್ಟವನ್ನು ದೂರದಿಂದ ನೋಡಿ ಹೊಗಳುವವರ ಪೈಕಿ ನಾನು. ಗಲ್ಫಿನಲ್ಲಿ, ಅಲ್ ಮುರಕ್ಕಬಾತ್‌ನ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಕೆಟ್ಟರೆ, ಸರಿಯಾಗುವ ತನಕ ಕೆಳಗಿನ ಕೆಫೆಟೇರಿಯಾದಲ್ಲಿ ಚಹಾ ಕುಡಿಯುತ್ತಾ ಕೂರುತ್ತೇನೆ. ಇಂಥವನ ಹೆಂಡತಿ ಸುಜಾತಳಿಗೆ ಈ ಸಲದ ರಜೆಯಲ್ಲಿ ಭೂತಾನಕ್ಕೆ ಹೋಗುವ ಹುಚ್ಚು ಹಿಡಿಯಿತು. ಹಿಡಿಸಿದ್ದು ಅವಳ ಆಫೀಸಿನ ದೆಚೆನ್ ಎಂಬ ಭೂತಾನದ ಹುಡುಗಿ. ಅಲ್ಲಿ ರಾಜಧಾನಿಯಲ್ಲೂ ಟ್ರಾಫಿಕ್ ಸಿಗ್ನಲ್ ಇಲ್ಲವಂತೆ, ಪೊಲೀಸರು ಕೈ ಬೀಸಿದರೆ ಸಾಕಂತೆ. ದೇವರಿರುವ ಶಿಖರವನ್ನು ಯಾರೂ ಹತ್ತುವುದಿಲ್ಲವಂತೆ. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. “ಹಾಗಾದರೆ ನಾವೂ ಹತ್ತುವುದು ಬೇಡ, ಊರಿಗೆ, ಬ್ರಹ್ಮಾವರಕ್ಕೆ ಹೋಗಿ ಮಲಗುವ” ಎಂದೆ. ಅವಳು ಮುಖ ತಿರುಗಿಸಿದಳು. ವರ್ಷಕ್ಕೊಂದೇ ರಜೆ, ನನಗೆ ನಿದ್ದೆ ಮುಖ್ಯ. “ಅವರ ಊಟ ನನಗೆ ಹಿಡಿಸಿದರೆ ಹೋಗುವ” ಎಂದು ಷರತ್ತು ಹಾಕಿದೆ. ಹಿಡಿಸಲಿಲ್ಲ ಎಂದು ಹೇಳಬೇಕಾದವನು ನಾನೇ ತಾನೆ.

ಮುಂದಿನ ಭಾನುವಾರವೇ ದೆಚೆನ್ ಮನೆಯಲ್ಲಿ ಊಟ. ವಿಸಿಟ್ ವೀಸಾದಲ್ಲಿ ಬಂದಿದ್ದ ಅವಳ ಅಮ್ಮನದೇ ಅಡುಗೆ. ಕೆಂಪಕ್ಕಿ ಅನ್ನ ಕಂಡು ಊರು ನೆನಪಾಗಿ ಖುಷಿಯಾಯಿತು. ಪಕ್ಕದಲ್ಲಿದ್ದ ಪದಾರ್ಥದಲ್ಲಿ ಮಾತ್ರ ಮೆಣಸೇ ತರಕಾರಿ. ಇಡಿಯಿಡೀ ಹಸಿಮೆಣಸು, ಚೀಸಿನಲ್ಲಿ ಬೇಯಿಸಿದ್ದು. “ನಾವು ಮಂಗಳೂರು ಕಡೆಯವರು, ಖಾರ ನಮಗೆ ಲೆಕ್ಕಕ್ಕಿಲ್ಲ” ಎಂದು ಹಿಂದಿಯಲ್ಲಿ ಕೊಚ್ಚಿಕೊಂಡು ಬಟ್ಟಲು ಖಾಲಿ ಮಾಡಿದೆ. ಕಿವಿಯೆಲ್ಲ ಬಿಸಿಯಾಯಿತು. ಅಷ್ಟರಲ್ಲಿ ಅಮ್ಮ ಸೌಟು ಹಿಡಿದು ಬಂದರು. ಉರಿ ತಾಳಲಾರದೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿ, ಬೇಡ ಬೇಡವೆಂದು ಎರಡು ಸಲ ತಲೆಯಾಡಿಸಿದೆ. ಅವರ ಮುಖ ಅರಳಿತು, ಸೌಟು ತುಂಬ ಬಡಿಸಿದರು. ಹಾಕಿದ್ದನ್ನು ಬಿಟ್ಟೇಳಬಾರದೆಂದು ಕಲಿತು ಬೆಳೆದವನು, ಕಣ್ಣೊರೆಸಿಕೊಳ್ಳುತ್ತಾ ತಿಂದೆ. ಮತ್ತೆ ಬಾಯಿ ಮುಚ್ಚಿದೆ, ಮತ್ತೆ ಬಡಿಸಿದರು. ಸುಜಾತ ತಲೆ ತಗ್ಗಿಸಿ ನಗುತ್ತಿದ್ದಳು.

ಹಿಂತಿರುಗುವಾಗ ಟ್ಯಾಕ್ಸಿಯಲ್ಲಿ ಅವಳೇ ಬಾಯಿಬಿಟ್ಟಳು. “ಬಾಯಿ ಮುಚ್ಚಿ ಬೇಡ ಅನ್ನುವುದು ಅವರಲ್ಲಿ ಮರ್ಯಾದೆ ಮಾರಾಯ್ರೆ. ಎರಡು ಸಲ ಬೇಡ ಅಂದ ಮೇಲೆಯೇ ಹಾಕಿಸಿಕೊಳ್ಳುವುದು. ದೆಚೆನ್ ಮೊದಲೇ ಹೇಳಿದ್ದಳು.”

“ಮತ್ತೆ ನನಗೆ ಎಂತಕ್ಕೆ ಹೇಳಲಿಲ್ಲ?”

“ಮತ್ತೆ ಮತ್ತೆ ಹಾಕಿಸಿಕೊಂಡು ಉಂಡವರಿಗೆ ಊಟ ಹಿಡಿಸಲಿಲ್ಲ ಅಂದರೆ ಯಾರು ನಂಬುತ್ತಾರೆ?”

ಷರತ್ತು ನನ್ನದೇ. ಆದರೂ ಮೆಲ್ಲಗೆ “ಭೂತಾನ ಬೇಡ” ಎಂದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. “ಬೇಡ ಅಂದೆನಲ್ಲ” ಎಂದೆ ಸ್ವಲ್ಪ ಜೋರಾಗಿ.

“ಎರಡಾಯಿತು” ಎಂದು ಟಿಕೆಟ್ ನೋಡಲು ಮೊಬೈಲ್ ತೆಗೆದಳು. ಮೂರನೆಯ ‘ಬೇಡ’ ನಾಲಿಗೆಯ ತುದಿಗೆ ಬಂದಿತ್ತು. ಇನ್ನೇನು ಬಡಿಸುತ್ತಾಳೋ ಎಂದು ಹೆದರಿ ನುಂಗಿಕೊಂಡೆ.