ಅಫಜಲಪುರಕ್ಕೆ ಹೋಗಿರಬೇಕು

ಅಫಜಲಪುರದ ಅಂಗಡಿಗೆಂದು ಬರೆದ ‘ಲಾರಿ ಕಳಿಸು’ ಎಂಬ ಸುದ್ದಿ ಜೇವರ್ಗಿ ಅಂಗಡಿಗೆ ಹೋಯಿತು. ಬೆಳಗಾಗುವಷ್ಟರಲ್ಲಿ ಜೇವರ್ಗಿಯ ಖಾಲಿ ಲಾರಿ ಬಂದು ಆಳಂದದ ದಾಲ್‌ಮಿಲ್ಲಿನ ಬಾಗಿಲಿಗೆ ಅಡ್ಡ ನಿಂತಿತು. ಸಾವುಕಾರ ಚಂದ್ರಾಮಪ್ಪನವರು ಲಾರಿಯನ್ನು ಬಿಟ್ಟು, ಕಂಪ್ಯೂಟರ್ ನೋಡಿಕೊಳ್ಳುವ ಧರ್ಮಣ್ಣನನ್ನು ಬೈದರು.

ಪಾಪ, ಅವನ ತಪ್ಪೇನೂ ಇರಲಿಲ್ಲ. ಅದು ತೊಂಬತ್ತೊಂಬತ್ತನೆಯ ಇಸವಿ. ಸಾವುಕಾರರ ಎರಡೂ ಅಂಗಡಿಯ ಕಂಪ್ಯೂಟರುಗಳು ಫೋನ್ ತಂತಿಯೊಳಗೇ ಒಂದು ಗುಟ್ಟಿನ ಓಣಿ ಮಾಡಿಕೊಂಡು ಮಿಲ್ಲಿನ ಲಿನಕ್ಸ್ ಸರ್ವರಿಗೆ ಬರುತ್ತಿದ್ದವು. ಆ ಓಣಿಗೆ ವಿಪಿಎನ್ ಎಂದು ಹೆಸರು. ಬಂದವರಿಗೆ ಸರ್ವರು ಒಂದು ಐಪಿ ನಂಬರು ಕೊಡುತ್ತಿತ್ತು, ಸುದ್ದಿ ಆ ನಂಬರಿಗೆ ಹೋಗುತ್ತಿತ್ತು. ಆದರೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ, ಮೊದಲು ಬಂದವರಿಗೆ ಮೊದಲ ನಂಬರು. ನಿನ್ನೆ ಅಫಜಲಪುರದ್ದಾಗಿದ್ದ ನಂಬರು ಇವತ್ತು ಜೇವರ್ಗಿಯದು.

“ಸಂಜಿಯೊಳಗ ಒಬ್ಬೊಬ್ಬರಿಗೆ ಒಂದೊಂದು ನಂಬರ್ ಖಾಯಂ ಮಾಡು. ನಿನ್ನೂ ಖಾಯಂ ಮಾಡ್ತೇನಿ,” ಎಂದರು ಸಾವುಕಾರರು.

ಧರ್ಮಣ್ಣನ ಎದೆ ಹಿಗ್ಗಿತು. ಸೇರಿದಾಗಿನಿಂದ ಅವನು ಹಂಗಾಮಿ. ನಿಂಬರ್ಗಾದ ಪೀರಪ್ಪ ಮಗಳನ್ನು ಕೊಡಲು ಒಪ್ಪಿದ್ದ. ನೌಕರಿ ಖಾಯಂ ಆಗಬೇಕೆಂಬುದೊಂದೇ ಷರತ್ತು. ಕಡೆಯ ಮಾತು ಕೇಳಲು ಇವತ್ತೇ ಸಂಜೆ ಬರುವವನಿದ್ದ.

ಸರ್ವರಿನದು ಒಂದು. ಧರ್ಮಣ್ಣ ಅಫಜಲಪುರದ ಹೆಸರಿನ ಮುಂದೆ ಎರಡು, ಜೇವರ್ಗಿಯ ಮುಂದೆ ಮೂರು ಬರೆದು ಚಹಾಕ್ಕೆ ಕೈ ಹಾಕಿದ. ಅಷ್ಟರಲ್ಲಿ, ಪರದೆಯ ಮೇಲೆ ಹೊಸ ನಂಬರು ಕಂಡದ್ದೇ ತಡ, ಜೇವರ್ಗಿಯಿಂದ ಫೋನು. ಅಲ್ಲಿಯ ಅಂಗಡಿ ನಡೆಸುವವರು ಸಾವುಕಾರರ ತಂಗಿ ಸುಭದ್ರಾಬಾಯಿ.

“ಅಣ್ಣ ಒಂದು ಅಂದ ಮ್ಯಾಲ ತಂಗಿ ಎರಡು ಆಗಬೇಕಲ್ಲೇನು? ನಡುವ ಆ ಅಫಜಲಪುರದಂವನ್ನ ಯಾಕ ಕೂಡಿಸಿದಿ?”

ಅದಲು ಬದಲು ಮಾಡಿದ. ಈಗ ಅಫಜಲಪುರದ ಮ್ಯಾನೇಜರ್ ದೇವೀಂದ್ರಪ್ಪನ ಸರದಿ. ಮೂವರು ಕೂಡಿ ಹೊರಟರೆ ಕೆಲಸ ಕೆಡುತ್ತದೆ, ಮೂರು ಬೇಡ ಎಂದ. ನಾಲ್ಕು ಕೊಟ್ಟರೆ, ಹೆಣ ಹೊರುವವರು ನಾಲ್ವರು ಎಂದ. ಐದು ಪಂಚಾಕ್ಷರಿ, ಅದೇ ಬೇಕೆಂದು ಹಟ ಹಿಡಿದ. ಐದು ಮಿಲ್ಲಿನ ಪ್ರಿಂಟರಿನದು. ಅದನ್ನು ಕಿತ್ತು ಅವನಿಗೆ ಕೊಟ್ಟದ್ದೇ ತಡ, ಪ್ರಿಂಟರು ಮುನಿದು ಕೂತಿತು. ಬಿಲ್ಲಿಗೆ ಕಾದಿದ್ದ ಗಿರಾಕಿಗಳು ಕಿಟಕಿಗೆ ಮುತ್ತಿದರು. ತೂಕ ಮಾಡುವ ರಾಜೇಸಾಬ ಇಣುಕಿ, ಎಲ್ಲರಿಗೂ ಒಂದೇ ನಂಬರು ಕೊಟ್ಟರೆ ಜಗಳವೇ ಇರುವುದಿಲ್ಲವಲ್ಲ ಎಂದು ಬುದ್ಧಿ ಹೇಳಿ ಹೋದ. ಧರ್ಮಣ್ಣನಿಗೆ ಅಳುವೇ ಬಂತು.

ಊಟ ಬಿಟ್ಟು ಪ್ರಿಂಟರಿಗೆ ಬೇರೆ ನಂಬರು ಹಚ್ಚಿದ. ಹೊತ್ತು ಇಳಿಯುವಾಗ ಎಲ್ಲ ಹದಕ್ಕೆ ಬಂತು. ಎಷ್ಟು ಸಲ ಫೋನು ಕಡಿದು ಹಚ್ಚಿದರೂ ಜೇವರ್ಗಿ ಎರಡೇ, ಅಫಜಲಪುರ ಐದೇ.

ಆಗ ಸಾವುಕಾರರಿಗೆ ಜೇವರ್ಗಿಯಿಂದ ಸುದ್ದಿ ಬಂತು. ಸುಭದ್ರಾಬಾಯಿ ತಮ್ಮ ಮಗನಿಗೆ ಅಣ್ಣನ ಮಗಳನ್ನು ಕೇಳುತ್ತಲೇ ಇದ್ದರು. ಮೆಟ್ರಿಕ್ ದಾಟದ ಆ ಹುಡುಗನಿಗೆ ಕೊಡಲು ಸಾವುಕಾರರಿಗೆ ಮನಸ್ಸಿಲ್ಲ, ಇಲ್ಲವೆನ್ನಲು ಧೈರ್ಯವಿಲ್ಲ. “ಜವಾಬ ಬರದು ಕಳಿಸೇನವ್ವ, ಅಫಜಲಪುರಕ್ಕ ಹೋಗಿರಬೇಕು,” ಎನ್ನುತ್ತಲೇ ದಿನ ನೂಕಿದ್ದರು. ಈಗ ಪರದೆಯ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ತಂಗಿಯ ಕನ್ನಡ: “ಅಣ್ಣಾ, ನನ್ನ ನಂಬರ್ ಖಾಯಂ ಆಗ್ಯದ. ಇನ್ನ ಹಾದಿ ತಪ್ಪೂ ಮಾತಿಲ್ಲ. ಹೂಂ ಅಂತಿಯೋ ಇಲ್ಲೋ?”

ಸಾವುಕಾರರು ಧರ್ಮಣ್ಣನನ್ನು ಹತ್ತಿರ ಕರೆದರು.

“ಧರ್ಮಾ, ಮೊದಲಿನಂಗೇ ಮಾಡಿಬಿಡು.”

“ನನ್ನ ನೌಕರಿ, ಸಾವುಕಾರ್ರಿ?”

“ನೀ ಖಾಯಂ ಆದ್ರ ನಾಳಿ ತಪ್ಪು ಯಾರ ಮ್ಯಾಲ ಹಾಕ್ಲಿ? ಹಂಗಾಮಿ ಇದ್ರೇ ಚಂದ.”

ಇಡೀ ದಿನದ ಕೆಲಸವನ್ನು ಧರ್ಮಣ್ಣ ತನ್ನ ಕೈಯಾರೆ ಅಳಿಸಿದ. ಹೊರಗೆ ಬಂದರೆ ಪೀರಪ್ಪ ಬೇಳೆ ಚೀಲದ ಮೇಲೆ ಕೂತು ಕಾಯುತ್ತಿದ್ದ. ಖಾಯಂ ಆರ್ಡರ್ ಕೈಗೆ ಬಂತೇ ಎಂದು ಕೇಳಿದ. ಇಲ್ಲವೆನ್ನಲು ಧರ್ಮಣ್ಣನಿಗೂ ಬಾಯಿ ಬರಲಿಲ್ಲ.

“ಆರ್ಡರ್ ಆಗ್ಯದ್ರಿ ಮಾವಾ. ಅಫಜಲಪುರಕ್ಕ ಹೋಗಿರಬೇಕು.”

ಪೀರಪ್ಪ ಎದ್ದು ಧೋತರ ಝಾಡಿಸಿಕೊಂಡ.

“ಹಂಗಾದ್ರ ವರನ್ನೂ ಅಲ್ಲೇ ನೋಡ್ತೇನಿ, ತಮ್ಮಾ,” ಎಂದು ಬಸ್ ಸ್ಟ್ಯಾಂಡಿನ ದಾರಿ ಹಿಡಿದ.