ಮಾವನ ಕಾರಿನ ಟಕಟಕ

ಮಾವ ಕೊಟ್ಟ ಹಳೆಯ ಕಾರು ಮನೆಗೆ ಬಂದ ದಿನದಿಂದಲೂ ಹಿಂಬದಿಯಲ್ಲಿ ಟಕಟಕ ಎನ್ನುತ್ತಿತ್ತು. ಇಂದು ಸಂಜೆ ಐದರ ರೈಲಿಗೆ ಅತ್ತೆ ಬರುವವರಿದ್ದರು. 'ಚಿನ್ನದಂಥ ಕಾರು ಹಾಳುಮಾಡಿದಿರಿ' ಎಂದು ಅವರ ಬಾಯಲ್ಲಿ ಕೇಳುವ ಮೊದಲು ಸದ್ದಡಗಿಸಬೇಕೆಂದು ಗಡಿಯಾರ ರಿಪೇರಿ ಮಾಡುವ ಅಳಿಯ ತನ್ನ ಅಂಗಡಿಗೆ ರಜೆ ಹಾಕಿ, ನಾಲ್ಕು ಇಟ್ಟಿಗೆ ಹೊತ್ತು ತಂದ.

ಹೆಂಡತಿ ಅಡ್ಡ ನಿಂತಳು. "ಇಟ್ಟಿಗೆ ಮೇಲೆ ಕಾರು, ಕಾರಿನಡಿ ನೀವು! ನಂಗೆ ಗಂಡ ಬೇಕು ರೀ, ಕಾಲೊರಸೋ ಚಾಪೆಯಲ್ಲ."

"ಸೀಟಿನಡಿ ಜಾಕ್ ಇದ್ಯಲ್ಲೇ."

"ಜಾಕ್ ಇರೋದು ಎತ್ತೋಕೆ. ಹೊತ್ಕೊಂಡು ನಿಲ್ಲೋಕೆ ಸ್ಟ್ಯಾಂಡೇ ಬೇಕು ಅಂತ ಅಪ್ಪ ಬಡ್ಕೋತಿರ್ತಾರೆ. ಹೋಗಿ, ತನ್ನಿ."

ಮಹಡಿ ಮನೆಯ ನಿವೃತ್ತ ಬಸ್ ಡ್ರೈವರೂ ಪಕ್ಕದ ಮನೆಯ ಲೆಕ್ಕದ ಮೇಷ್ಟ್ರೂ ಕರೆಯದೆಯೇ ಜೊತೆಗೂಡಿದರು.

"ಸ್ಟ್ಯಾಂಡ್ ಎರಡು ಟನ್ ಹೊರೋದಾ, ಮೂರಾ? ಹಲ್ಲಿಂದಾ, ಪಿನ್ನಿಂದಾ?" ಎಂದ ಬಿಡಿಭಾಗಗಳ ಅಂಗಡಿಯವನು. ಜೀವಮಾನವಿಡೀ ಸಾಸಿವೆಯಷ್ಟು ಸ್ಕ್ರೂ ಹಿಡಿದವನಿಗೆ ಟನ್ನೆಂದರೆ ತಲೆ ಗಿರ್ ಎಂದಿತು.

"ಪಿನ್ನಿಂದು ತಗೋ ತಮ್ಮಾ. ತೂತಿಗೆ ಪಿನ್ ಹಾಕಿದ್ರೆ ಜಗ್ಗಲ್ಲ," ಎಂದರು ಡ್ರೈವರು.

"ಪಿನ್ ಕಳೆದ್ರೆ? ಹಲ್ಲಿಂದು ತಾನಾಗೇ ಕಚ್ಕೊಳ್ಳುತ್ತೆ," ಎಂದರು ಮೇಷ್ಟ್ರು.

"ನಿಮ್ಮ ಹಲ್ಲು ಈಚೆಗೆ ಏನು ಕಚ್ಚಿದೆ ಮೇಷ್ಟ್ರೇ?"

ಮೇಷ್ಟ್ರು ಸಿಟ್ಟಿನಿಂದ ಕಾರಿನ ತೂಕ ಭಾಗಿಸತೊಡಗಿದರು. ಡ್ರೈವರು ಒಂದೊಂದೇ ಸ್ಟ್ಯಾಂಡ್ ಹತ್ತಿ ಚೌಕದ ಪ್ರತಿಮೆಯಂತೆ ನಿಂತು ಪರೀಕ್ಷಿಸಿದರು. ಕೊನೆಗೆ ಹಲ್ಲೂ ಪಿನ್ನೂ ಎರಡೂ ಇದ್ದ, ಪಾದ ಅಗಲವಾಗಿದ್ದ ಮೂರು ಟನ್ನಿನ ಜೊತೆಯನ್ನು ಕೊಂಡು ಮನೆ ಮುಟ್ಟಿದಾಗ ಗಂಟೆ ಮೂರು.

ಸಿಮೆಂಟು ನೆಲದ ಮೇಲೆ ಕಾರಿನ ಹಿಂಬದಿಯನ್ನು ಜಾಕಿನಿಂದೆತ್ತಿ, ಸ್ಟ್ಯಾಂಡ್ ಕೊಟ್ಟು, ಮೂವರೂ ಅಲುಗಾಡಿಸಿ ನೋಡಿದರು. ಬಂಡೆ! ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಳಗೆ ನುಸುಳಿದ. ಚಕ್ರ ಎಳೆದ, ತಟ್ಟಿದ, ಕಂಡಕಂಡ ನಟ್ಟು ಬಿಗಿದ. ಡಾಕ್ಟರ ಮುಂದೆ ಕೂರಿಸಿದೊಡನೆ ಕೆಮ್ಮು ನಿಲ್ಲಿಸಿದ ಮಗುವಿನಂತೆ ಕಾರು ತೆಪ್ಪಗಿತ್ತು.

"ಸದ್ದು ಎಲ್ಲೋಯ್ತು?" ಎಂದು ಅವನು ಚಕ್ರವನ್ನೇ ಕೇಳಿದ.

"ಅಳಿಯಂದ್ರೇ! ಸ್ಟೇಷನ್ನಿಗೆ ಬರೋದು ಬಿಟ್ಟು ಇಲ್ಲಿ ಮಲಗಿದೀರಾ?"

ಐದೂಮುಕ್ಕಾಲಾಗಿತ್ತು. ಬಾಡಿಗೆ ಗಾಡಿಯಿಂದಿಳಿದ ಅತ್ತೆ, ಸೊಂಟಕ್ಕೆ ಕೈಕೊಟ್ಟು ಸ್ಟ್ಯಾಂಡುಗಳನ್ನೇ ನೋಡುತ್ತಿದ್ದರು.

"ಇದ್ಯಾಕೆ ಹೊಸದು? ಅಳಿಯ ಇಟ್ಟಿಗೆ ಇಟ್ಕೊಂಡು ನುಗ್ಗಿಯಾನು ಅಂತ ನಿಮ್ಮ ಮಾವ ಡಿಕ್ಕಿಯಲ್ಲಿ ಒಂದು ಜೊತೆ ಇಟ್ಟೇ ಕಳಿಸಿದ್ರಲ್ಲ! ನೋಡ್ಲೇ ಇಲ್ವಾ?"

ಕಾರನ್ನಿಳಿಸಿ ಡಿಕ್ಕಿ ತೆರೆದ. ಮ್ಯಾಟಿನಡಿ, ಸ್ಟೆಪ್ನಿಯ ಪಕ್ಕ ಒಂದು ಗೋಣಿಚೀಲ. ಅಲ್ಲಾಡಿಸಿದ. ಟಕಟಕ.

ಒಳಗೆ ಹಲ್ಲೂ ಪಿನ್ನೂ ಇದ್ದ, ಮೂರು ಟನ್ನಿನ ಅದೇ ಮಾಲು. ಅವನು ಚೀಲವನ್ನು ಹೊರಗೆಳೆಯಹೊರಟ.

"ಅಯ್ಯೋ, ಹಿರಿಯರು ಇಟ್ಟದ್ದು ತೆಗೀಬೇಡಿ!" ಎಂದು ಅತ್ತೆ ಕೈ ಹಿಡಿದರು. "ಹೊಸದನ್ನೂ ಅದರ ಜೊತೆಗೇ ಹಾಕಿ. ನಾಲ್ಕು ಚಕ್ರಕ್ಕೆ ನಾಲ್ಕಿರ್ಲಿ."

ಡ್ರೈವರೂ ಮೇಷ್ಟ್ರೂ ಅಂದು ಮೊದಲ ಬಾರಿಗೆ ಒಟ್ಟಿಗೆ ಹೌದೆಂದು ತಲೆಯಾಡಿಸಿದರು.

ಕತ್ತಲಾಗುವ ಮುನ್ನ, ನಾಲ್ಕೂ ಸ್ಟ್ಯಾಂಡುಗಳನ್ನು ಡಿಕ್ಕಿಗೆ ಹಾಕಿ, ಅತ್ತೆಯನ್ನು ಒಂದು ಸುತ್ತು ಕರೆದೊಯ್ದ. ಬೀದಿಯ ಮೊದಲ ಗುಂಡಿಗೇ ಹಿಂದಿನಿಂದ ಪಾತ್ರೆ ಅಂಗಡಿ ಉರುಳಿದಂಥ ಸದ್ದು.

ಅತ್ತೆ ಕಿವಿ ನಿಮಿರಿಸಿದರು.

"ಬೇಡದ್ದೇನೋ ಬಿಚ್ಚಿಹಾಕಿದೀರಿ ಅಳಿಯಂದ್ರೇ. ನಮ್ಮನೇಲಿದ್ದಾಗ ಈ ಕಾರು ಪಿಟ್ಟೆಂದಿರ್ಲಿಲ್ಲ!"