ಹಜಾರದ ಸಮುದ್ರದಲ್ಲಿರುವ ಮೀನಿನವರಿಗೆ

ಗಾಜಿನ ತೊಟ್ಟಿಯ ಉಪ್ಪುನೀರಲ್ಲಿ ಬಿಜಯಮಾಡಿರುವ, ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆ ಧರಿಸಿರುವ ಮಾನ್ಯರೇ,

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಬಿಳಿಗೆರೆಯ ಸಿದ್ದಕ್ಕ ತಮ್ಮ ಪಾದಗಳಿಗೆ, ಅವು ಇಲ್ಲವಾದ್ದರಿಂದ ತಮ್ಮ ಬಾಲಕ್ಕೆ, ಮಾಡುವ ನಮಸ್ಕಾರಗಳು. ಸಮುದ್ರದ ಮುಖವನ್ನೇ ನೋಡದ ಈ ತೆಂಗಿನ ಸೀಮೆಯಲ್ಲಿ ತಮಗಾಗಿ ಪ್ಯಾಕೆಟ್ ಉಪ್ಪಿನಿಂದ ಸಮುದ್ರ ಕಲಸಿಕೊಟ್ಟವನು ನನ್ನ ಮಗ ರಂಗನಾಥ. ಪ್ರತಿ ಭಾನುವಾರ ತಿಂಡಿಯನ್ನೂ ಮರೆತು ತಮ್ಮ ನೀರನ್ನು ಬೆರಳುದ್ದದ ಗಾಜಿನ ಕೊಳವೆಗೆ ತುಂಬಿ, ಔಷಧದ ಹನಿ ಬಿಟ್ಟು, ಕುಲುಕಿ, ಬಂದ ಬಣ್ಣವನ್ನು ಬಣ್ಣದ ಚೀಟಿಗೆ ಹೋಲಿಸಿ ನೋಡುವ ಅವನ ಭಕ್ತಿ ಕಂಡರೆ, ಹೆತ್ತ ನನಗೇ ಮೀನಾಗಿ ಹುಟ್ಟಬಾರದಿತ್ತೇ ಅನ್ನಿಸುತ್ತದೆ.

ಹೋದ ತಿಂಗಳು ತಾವು ಮಂಕಾಗಿ ಮೂಲೆ ಸೇರಿದಾಗ, ಸುಸ್ತಾದ ಯಾರಿಗೇ ಆಗಲಿ ನಮ್ಮ ಕಡೆ ಮೊದಲು ಕೊಡುವುದನ್ನೇ ನಾನೂ ಕೊಟ್ಟೆ: ಒಂದು ಎಳನೀರು ಕೆತ್ತಿ ತೊಟ್ಟಿಗೆ ಸುರಿದೆ. ನೀರು ಬೆಳ್ಳಗೆ ಕದಡಿತು. "ಮೀನು ಸಾಯ್ಸಿಬುಡ್ತಿದ್ದೆ ಕಣವ್ವ!" ಎಂದು ಮಗ ಹೆಂಚು ಹಾರುವಂತೆ ಕೂಗಿದ. ತಪ್ಪು ನನ್ನದೇ, ಒಪ್ಪಿದೆ. ಆದರೆ ಹೊಸ ನೀರು ತುಂಬುವ ಮುಂಚೆ ಅವನು ಮನೆಯ ಬೋರಿನ ನೀರನ್ನೂ ಅದೇ ಕೊಳವೆಯಲ್ಲಿ ಪರೀಕ್ಷಿಸಿದ. ಕುಂಕುಮ ಕಲಸಿದಂತೆ ಕೆಂಪಾಯಿತು. "ತೋಟದ ಗೊಬ್ಬರೆಲ್ಲ ಬೋರಿಗೆ ಇಳ್ದೈತೆ, ಈ ನೀರು ಮೀನಿಗೆ ಆಗಲ್ಲ" ಎಂದವನೇ ತಿಪಟೂರಿನಿಂದ ತಮಗೆ ಕ್ಯಾನ್ ನೀರು ಹೊತ್ತು ತಂದ. ಅದೇ ಬೋರಿನ ನೀರಲ್ಲಿ ಇವತ್ತಿಗೂ ನನ್ನ ಏಳು ತಿಂಗಳ ಮೊಮ್ಮಗಳಿಗೆ ರಾಗಿ ಸರಿ ಬೇಯುತ್ತಿದೆ.

ಇದು ಮಗುವಿಗೆ ಆಗುತ್ತದೇನಪ್ಪ ಎಂದು ಕೇಳಿದ್ದಕ್ಕೆ, "ನಾವೆಲ್ಲ ಕುಡ್ಕಂಡೇ ಬೆಳೀನಿಲ್ವಾ, ಸುಮ್ಕಿರವ್ವ" ಅಂದ. ಆದ್ದರಿಂದ ದೊಡ್ಡ ಮನಸ್ಸಿನವರಾದ ತಾವು ನಮ್ಮ ಕೂಸನ್ನೂ ಮೀನೆಂದು ಒಪ್ಪಿ ಮಗನಿಗೆ ಶಿಫಾರಸು ಮಾಡಬೇಕು. ಪಟ್ಟೆಯೇ ಅರ್ಹತೆಯಾದರೆ, ಹಣೆಗಷ್ಟೇ ಅಲ್ಲ, ಮೈತುಂಬ ವಿಭೂತಿ ಎಳೆದು ಕೂರಿಸಲು ನಾನು ತಯಾರು. ಅದೂ ಸಾಲದಿದ್ದರೆ ತಾವೇ ಒಂದು ಗಳಿಗೆ ತೊಟ್ಟಿಯಿಂದ ಎದ್ದುಬಂದು ಅವನ ಕಿವಿ ಹಿಂಡಬೇಕು. ಹೆತ್ತವಳು ಹಿಂಡಿದರೆ ಅದು ಕೆಂಪಗಾಗುತ್ತಿಲ್ಲ.

ತಮ್ಮ ಮನೆಯವರ ಪೈಕಿ ಪರೀಕ್ಷೆಯಾಗದೆ ಉಳಿದಿರುವ
ತಮ್ಮ ವಿಶ್ವಾಸಿ,
ಸಿದ್ದಕ್ಕ

ಮರೆತ ಮಾತು: ಪತ್ರ ಮಡಿಸುವಷ್ಟರಲ್ಲಿ ಭಾನುವಾರ ಬಂದಿತು. ಮಗ ಹಲ್ಲುಜ್ಜಿ ಬರುವುದರೊಳಗೆ ಕೊಳವೆಗೆ ನಾನೇ ನೀರು ತುಂಬಿಟ್ಟಿದ್ದೆ. ಅವನು ಬಂದು ಔಷಧದ ಹನಿ ಬಿಟ್ಟು ಕುಲುಕಿದ; ಬಣ್ಣ ಕೆಂಪೇರಿದ್ದು ಕಂಡು ಬೆವೆತು ತಮ್ಮ ತೊಟ್ಟಿಯತ್ತ ಓಡಿದ. ಮೀನಿನದಲ್ಲ ಕಣಪ್ಪ, ನಿನ್ನ ಮಗಳ ಸರಿಗೆ ಇಟ್ಟ ನೀರು ಅಂದೆ. ಅಲ್ಲೇ ನಿಂತ. ಆಮೇಲೆ ತಮ್ಮ ಕ್ಯಾನನ್ನು ಅಡುಗೆಮನೆಗೆ ಹೊತ್ತ. ಇನ್ನುಮುಂದೆ ಕೂಸಿನದು ತೆಗೆದಿಟ್ಟು ಮಿಕ್ಕಿದರೆ ತಮ್ಮದು. ದಯವಿಟ್ಟು ಅಳಬೇಡಿ, ತೊಟ್ಟಿಯ ಉಪ್ಪು ಹೆಚ್ಚಾದೀತು.